ಮಂಪರಿನ ಓಣಿಯಲ್ಲಿ ನಾಲ್ಕನೇ ಬಾಗಿಲು

ಇದನ್ನು ಬರೆಯಲು ಕೂತದ್ದಕ್ಕೆ ಮೊದಲು ಕ್ಷಮೆ ಕೇಳಬೇಕು. ಹಲ್ಲಿನ ದವಾಖಾನೆಯಲ್ಲಿ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಮಂಪರಿನಲ್ಲಿರುವವರು ಆಡಿದ ಮಾತನ್ನು ಬರೆದುಕೊಡುವುದು ನನ್ನ ಕೆಲಸ. ಹನ್ನೊಂದು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಬರೆದ ಹಾಳೆ ಹಲ್ಲು ಕೀಳಿಸಿಕೊಂಡವರದ್ದು. ಬರೆದವನು ಅದರ ನಕಲು ಇಟ್ಟುಕೊಳ್ಳಬಾರದು, ಹೊರಗೆ ಆಡಬಾರದು. ಈ ಕಟ್ಟಳೆಯನ್ನು ಮುರಿದೇ ನಾನು ಇದನ್ನು ಹೇಳಬೇಕಾಗಿದೆ. ಇನ್ನೊಂದು ಅಳುಕೂ ಇದೆ. ನಾನು ಸಂಜೆ ಕಾಲೇಜಿನಲ್ಲಿ ಕಲಿತವನು. ಹಗಲು ಕಲಿತವರ ವಾಕ್ಯಗಳಿಗೆ ಇರುವ ಧೈರ್ಯ ನನ್ನ ವಾಕ್ಯಗಳಿಗೆ ಇಲ್ಲ. ಒಂದು ಪುಟ ಬರೆದರೆ ಮೂರು ಸಲ ಓದುತ್ತೇನೆ, ಮೂರನೆಯ ಸಲ ಮೊದಲಿನದೇ ಸರಿ ಇತ್ತು ಅನಿಸುತ್ತದೆ. ಶಿವಗಂಗವ್ವನ ಒಪ್ಪಿಗೆ ಕೇಳಿದಾಗ, "ಬರಿ. ಆದರ ನನ್ನ ವಯಸ್ಸು ಒಂದ್ ಹತ್ತು ವರ್ಷ ಕಡಿಮಿ ಬರಿ" ಅಂದಳು. ಹಾಗೆ ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲವಾದ್ದರಿಂದ ಆಕೆಯ ವಯಸ್ಸನ್ನೇ ಬಿಟ್ಟಿದ್ದೇನೆ.

ನಮ್ಮ ಊರಿನಲ್ಲಿ ಹಲ್ಲು ಕೀಳಿಸುವವರಿಗೆ ಸಣ್ಣ ಮಂಪರಿನ ಸೂಜಿ ಕೊಡುತ್ತಾರೆ. ಹಿಂದಿನ ದಿನವೇ ಅವರನ್ನು ಕೂರಿಸಿಕೊಂಡು ಏನೇನಾಗುತ್ತದೆ ಎಂದು ತಿಳಿಸುವುದೂ ನನ್ನ ಕೆಲಸವೇ. ಬಾಯಿಪಾಠವಾಗಿದ್ದರೂ ಚೀಟಿ ನೋಡಿಕೊಂಡೇ ಹೇಳುತ್ತೇನೆ. ಆರು ತಾಸು ಏನೂ ತಿನ್ನಬಾರದು, ನೀರಾದರೆ ಎರಡು ತಾಸು ಮೊದಲಿನವರೆಗೆ ಗುಟುಕು ಗುಟುಕಾಗಿ ಕುಡಿಯಬಹುದು. ಜೊತೆಗೆ ಯಾರಾದರೂ ದೊಡ್ಡವರು ಬರಬೇಕು. ಬಳೆ ತೆಗೆದಿಡಬೇಕು, ಬೆರಳಿಗೆ ಮದರಂಗಿ ಬೇಡ, ಬೆರಳಿಗೆ ಸಿಕ್ಕಿಸಿ ಉಸಿರು ನೋಡುವ ಚಿಮಟಿಗೆ ಅದು ಅಡ್ಡಿಯಾಗುತ್ತದೆ. ಸೂಜಿ ಮುಂಗೈಗೆ. ಮೊದಲು ಕಣ್ಣುರೆಪ್ಪೆ ಭಾರವಾಗುತ್ತದೆ, ಆಮೇಲೆ ಕಾಲು ನಿಮ್ಮದಲ್ಲ ಅನಿಸುತ್ತದೆ. ಇದು ಪೂರ್ತಿ ನಿದ್ದೆಯಲ್ಲ. ಹೆಸರು ಹಿಡಿದು ಕರೆದರೆ ಕೇಳುತ್ತದೆ, ಬಾಯಿ ತೆರೆಯಿರಿ ಅಂದರೆ ತೆರೆಯುತ್ತೀರಿ. ಆದರೆ ಯಾರು ಏನು ಹೇಳಿದರೂ ಮಾಡುವಷ್ಟು ಮನಸ್ಸು ಮೆತ್ತಗಾಗಿರುತ್ತದೆ. ಹಲ್ಲು ಮರಗಟ್ಟಲು ಬೇರೆ ಸೂಜಿ ಇದೆ, ಅದು ಚುಚ್ಚಿದ್ದೂ ತಿಳಿಯುವುದಿಲ್ಲ. ಮುಕ್ಕಾಲು ತಾಸು ಐದು ನಿಮಿಷದ ಹಾಗೆ ಹೋಗುತ್ತದೆ. ಎದ್ದಮೇಲೆ ನಡುವಿನದ್ದು ಯಾವುದೂ ನೆನಪಿರುವುದಿಲ್ಲ. ಒಂದು ದಿನ ಒಲೆಯ ಮುಂದೆ ಕೂರಬಾರದು, ಸೈಕಲ್ ಹತ್ತಬಾರದು, ಯಾವ ಕಾಗದಕ್ಕೂ ಸಹಿ ಹಾಕಬಾರದು. ಇಷ್ಟು ಹೇಳಿ, ಚೀಟಿ ಮಡಚಿ, ಕೊನೆಗೆ ಕೇಳುತ್ತೇನೆ: ಓಣಿಯಲ್ಲಿ ಯಾರ ಮನೆಗೆ ಹೋಗಬೇಕಂತಿದ್ದೀರಿ, ಅದನ್ನು ಈಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿರಿ.

ಮಂಪರಿಗೆ ಹೋದವರೆಲ್ಲ ಅದೇ ಓಣಿಗೆ ಹೋಗುತ್ತಾರೆ. ಆಚೆ ಓಣಿ ಎಂದು ಕರೆಯುತ್ತೇವೆ. ಬಾಯೊಳಗೆ ಹತ್ತಿ ತುರುಕಿದ್ದರೂ ತಾವು ಕಂಡದ್ದನ್ನು ಹೇಳುತ್ತಾ ಹೋಗುತ್ತಾರೆ. ನೀರು ಸೇದುವ ಕೈಪಂಪಿನ ಕಡೆಯಿಂದ ಒಳಗೆ ಬರುತ್ತಾರೆ. ಕಲ್ಲು ಹಾಸಿದ ದಾರಿ. ಯಾವಾಗಲೂ ಊಟವಾದ ಮೇಲಿನ ಮಧ್ಯಾಹ್ನ. ಎರಡೂ ಬದಿ ಸೇರಿ ಹನ್ನೆರಡು ಬಾಗಿಲು. ನಮ್ಮ ಊರಿನಿಂದ ಹೋಗಿ ಮರಳಿ ಬಾರದವರು ಅಲ್ಲಿದ್ದಾರೆ. ಸತ್ತವರಷ್ಟೇ ಇದ್ದಾರೆ ಎಂದೂ ಹೇಳುವ ಹಾಗಿಲ್ಲ. ಎರಡನೇ ಬಾಗಿಲಿನಲ್ಲಿ ವರ್ಷಗಟ್ಟಲೆ ಕಾಣುತ್ತಿದ್ದ ದರ್ಜಿಯೊಬ್ಬ ಒಂದು ದಿನ ಮಧ್ಯಾಹ್ನದ ಬಸ್ಸಿನಿಂದ ಇಳಿದು ಬಂದು, ತನ್ನ ಅಂಗಡಿಯ ಬೀಗ ಯಾರು ಬದಲಿಸಿದರು ಎಂದು ಜಗಳ ತೆಗೆದ. ಓಣಿಯ ಬಗ್ಗೆ ಕೇಳಿದರೆ ಅವನಿಗೆ ಏನೂ ಗೊತ್ತಿರಲಿಲ್ಲ.

ಒಬ್ಬರಿಗೆ ಮೂವತ್ತೆರಡು ಹಲ್ಲು. ಹಾಗಾಗಿ ಮೂವತ್ತೆರಡೇ ಸಲ. ಮುಂದಿನ ಹಲ್ಲಾದರೆ ಕಾಲು ತಾಸು, ದವಡೆಯದಾದರೆ ಮುಕ್ಕಾಲು ತಾಸು. ನಮ್ಮಲ್ಲಿ ಯಾರಾದರೂ ಬಾಯಿ ತೆರೆದು ನಕ್ಕರೆ ಅವರು ಎಷ್ಟು ಜನರನ್ನು ಕಳೆದುಕೊಂಡಿದ್ದಾರೆ ಎಂದು ಎದುರಿನವರು ಲೆಕ್ಕ ಹಾಕುತ್ತಾರೆ. ಮನೆಯಲ್ಲಿ ಸಾವಾದರೆ, ಹಲ್ಲು ಬೇಗ ಹುಳುಕಲಿ ಎಂದು ನೆಂಟರು ಬೆಲ್ಲದ ಪೊಟ್ಟಣ ಹಿಡಿದು ಬರುತ್ತಾರೆ. ಬೊಚ್ಚುಬಾಯಿಯ ಮುದುಕರು ದವಾಖಾನೆಯ ಮುಂದೆ ಸುಮ್ಮನೆ ಕೂತಿರುತ್ತಾರೆ, ಸೀಸನ್ ಮುಗಿದ ಸಂತೆಯಲ್ಲಿ ಕೂತವರ ಹಾಗೆ. ನಮ್ಮ ಡಾಕ್ಟರು ನದಾಫ ಸಾಹೇಬರು ಒಳ್ಳೆಯ ಹಲ್ಲನ್ನು ಯಾರು ಎಷ್ಟು ಅತ್ತರೂ ಕೀಳುವುದಿಲ್ಲ. "ಅಳೂದು ಹಲ್ಲಿನ ರೋಗ ಅಲ್ಲಪಾ. ಹುಳುಕು ತೋರ್ಸು, ಆಮ್ಯಾಲ ಮಾತಾಡು" ಅನ್ನುತ್ತಾರೆ. ಅವರು ಹೊರಗೆ ಹೋದಾಗ ಕಟ್ಟೆಯ ಮೇಲಿನ ಮುದುಕರು ಅವರನ್ನು ಬೈಯುತ್ತಾರೆ, ಒಳಗೆ ಬಂದಾಗ ಎದ್ದು ನಿಲ್ಲುತ್ತಾರೆ.

ನನಗೆ ನಲವತ್ತಮೂರು ವರ್ಷ. ಕಳೆದ ಶ್ರಾವಣದವರೆಗೆ ನನ್ನ ಬಾಯಲ್ಲಿ ಒಂದು ಹಲ್ಲೂ ಹಾಳಾಗಿರಲಿಲ್ಲ. ಅದಕ್ಕೆ ಕಾರಣ ನೀಲಕ್ಕ.

ನೀಲಕ್ಕ ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ಅಪ್ಪ ಅವ್ವ ಹೋದಮೇಲೆ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ನನ್ನನ್ನು ಬೆಳೆಸಿದಳು. ಎಡ ಮಣಿಕಟ್ಟಿನ ಮೇಲೆ ಹುಣಸೆ ಬೀಜದಷ್ಟು ಅಗಲದ ಸುಟ್ಟ ಕಲೆ, ಹೆಂಚಿನದ್ದು. ಬೆಳಿಗ್ಗೆ ರಾತ್ರಿ ಎರಡು ಹೊತ್ತೂ ನನ್ನ ಗದ್ದ ಹಿಡಿದು, ಬೂದಿ ಉಪ್ಪು ಬೆರೆಸಿ, ತನ್ನ ಬೆರಳಿನಿಂದಲೇ ನನ್ನ ಹಲ್ಲು ತಿಕ್ಕುತ್ತಿದ್ದಳು. ಊರವರೆಲ್ಲ ಮಕ್ಕಳ ಹಲ್ಲಿನ ಬಗ್ಗೆ ನಿರಾಳವಾಗಿದ್ದರೆ ಇವಳೊಬ್ಬಳು ಹೀಗೆ. "ಇವ ಯಾರನ್ನೂ ಕಳ್ಕೋಬಾರ್ದು. ಇವಂಗ ಆ ಓಣಿ ದಾರೀನ ಗೊತ್ತಾಗಬಾರ್ದು" ಅನ್ನುತ್ತಿದ್ದಳಂತೆ. ಪಕ್ಕದ ಮನೆಯವರು ಆಮೇಲೆ ಹೇಳಿದ್ದು.

ನಾನು ಹಗಲು ಅಕ್ಕಿ ಗಿರಣಿಯಲ್ಲಿ ದುಡಿದು ಸಂಜೆ ಆರರಿಂದ ಕಾಲೇಜಿಗೆ ಹೋಗುತ್ತಿದ್ದೆ. ಎರಡನೇ ವರ್ಷದಲ್ಲಿ, ಒಂದು ಸಂಜೆ, ನಾನು ಬುತ್ತಿ ಮರೆತು ಬಂದೆನೆಂದು ನೀಲಕ್ಕ ಅದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕಾಲೇಜಿನ ಮೆಟ್ಟಿಲವರೆಗೆ ಬಂದಳು. ಸೆರಗಿಗೆಲ್ಲ ಹಿಟ್ಟು, ಹಣೆಗೆ ಹೊಗೆ. ನನ್ನ ಜೊತೆ ಇಸ್ತ್ರಿ ಅಂಗಿಯ ಒಬ್ಬ ಸಹಪಾಠಿ ನಿಂತಿದ್ದ. "ಯಾರಲೇ ಆಕಿ?" ಎಂದು ಕೇಳಿದ. "ನಮ್ಮ ಮನಿ ಕೆಲಸದಾಕಿ" ಅಂದೆ. ಕಂಬದ ಬಳಿಯ ನೀರಿನ ಹರವಿಯ ಹತ್ತಿರ ಅವಳು ನಿಂತಿದ್ದಳು. ನಮ್ಮಿಂದ ಮೂರು ಮಾರು. ಬುತ್ತಿಯನ್ನು ಮೆಟ್ಟಿಲ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಹೋದಳು. ಮನೆಗೆ ಬಂದಾಗ ಎಂದಿನ ಹಾಗೆಯೇ ಮಾತನಾಡಿಸಿದಳು. ಐದನೇ ದಿನ ಜೋಳ ಬೀಸಿಸಿಕೊಂಡು ಬರುತ್ತೇನೆಂದು ಹಿಟ್ಟಿನ ಗಿರಣಿಗೆ ಹೋದವಳು ಬರಲಿಲ್ಲ. ನಾನು ಓಡಿಹೋಗಿ ನೋಡಿದಾಗ ಹಿಟ್ಟಿನ ಚೀಲ ಅಲ್ಲೇ ಇತ್ತು. ಇನ್ನೂ ಬಿಸಿ ಇತ್ತು.

ಆ ಮಾತು ಅವಳಿಗೆ ಕೇಳಿಸಿತ್ತೋ ಇಲ್ಲವೋ. ಇಪ್ಪತ್ತಮೂರು ವರ್ಷಗಳಿಂದ ನನಗೆ ತಿಳಿಯಬೇಕಾದದ್ದು ಇದೊಂದೇ. ಬೇರೆ ಕಾರಣದಿಂದ ಹೋದಳೆಂದಾದರೆ ದುಃಖ ಬೇರೆ. ಅದನ್ನು ಕೇಳಿ ಹೋದಳೆಂದಾದರೆ ಬೇರೆ. ಯಾವ ದುಃಖ ಪಡಬೇಕೆಂದೇ ಗೊತ್ತಾಗದೆ ನಾನು ಎರಡನ್ನೂ ಪಡುತ್ತಾ ಬಂದೆ. ನಮ್ಮೂರಿನ ಬೇರೆ ಯಾರಾದರೂ ಆಗಿದ್ದರೆ ಆ ವರ್ಷವೇ ಒಂದು ಹುಳುಕು ಹಲ್ಲು ಹಿಡಿದುಕೊಂಡು ಹೋಗಿ ಕೇಳಿ ಬರುತ್ತಿದ್ದರು. ನನ್ನ ಹಲ್ಲುಗಳನ್ನು ಅವಳೇ ಕಲ್ಲು ಮಾಡಿಟ್ಟು ಹೋಗಿದ್ದಳು. ಬೆಲ್ಲ ತಿಂದೆ, ಪೇಡೆ ತಿಂದೆ, ತಿಂಗಳುಗಟ್ಟಲೆ ಹಲ್ಲು ತಿಕ್ಕದೆ ಇರಲು ನೋಡಿದೆ. ಆದರೆ ಮಲಗುವ ಹೊತ್ತಿಗೆ ಗದ್ದದ ಮೇಲೆ ಅವಳ ಬೆರಳು ಇದ್ದ ಹಾಗಾಗಿ ಎದ್ದು ಹೋಗಿ ತಿಕ್ಕಿಕೊಂಡು ಬರುತ್ತಿದ್ದೆ. ಈ ಸ್ಟೂಲಿನ ಕೆಲಸ ಖಾಲಿಯಾದಾಗ ಗಿರಣಿ ಬಿಟ್ಟು ಇಲ್ಲಿಗೆ ಬಂದದ್ದು ಅದಕ್ಕೇ. ಓಣಿಗೆ ಹೋಗಲು ಆಗದಿದ್ದರೆ ಹೋದವರ ಬಾಯಿಂದ ಕೇಳಿಯಾದರೂ ತಿಳಿಯಲಿ ಎಂದು.

ನಾನು ಬರೆದ ಹಾಳೆಗಳಿಂದ ಆ ಓಣಿ ಈಗ ನನಗೆ ಕಣ್ಣು ಮುಚ್ಚಿ ನಡೆಯುವಷ್ಟು ಪರಿಚಿತ. ಮೂರನೇ ಮನೆಯ ಮುಂದೆ ಒಂದು ಕಲ್ಲು ಅಲ್ಲಾಡುತ್ತದೆ, ಎಲ್ಲರೂ ಅಲ್ಲಿ "ಹಾಂ" ಎಂದು ಎಡವುತ್ತಾರೆ. ನಾಲ್ಕನೇ ಬಾಗಿಲು ಮಾತ್ರ ಯಾವಾಗಲೂ ಮುಚ್ಚಿರುತ್ತಿತ್ತು. ಆದರೆ ಅದನ್ನು ದಾಟುವಾಗ ಹಲವರು ಹೇಳುತ್ತಿದ್ದರು: ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದಾರೆ, ಸಪ್ಪಳ ಬರುತ್ತಿದೆ. ಹಾಗೆ ಬರೆಯುವಾಗ ನನ್ನ ಅಕ್ಷರ ದಪ್ಪವಾಗುತ್ತಿತ್ತು. ರೊಟ್ಟಿ ಬಡಿಯುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಶಿವಗಂಗವ್ವ ಗೋಣಿಚೀಲ ಹೊಲಿಯುವವಳು. ಕೊಡೆ ರಿಪೇರಿ ಮಾಡುತ್ತಿದ್ದ ಅವಳ ಗಂಡ ಅಡಿವೆಪ್ಪ, ಒಂಬತ್ತು ವರ್ಷದ ಕೆಳಗೆ ಅರ್ಧ ಊಟದಲ್ಲಿ ಜಗಳವಾಡಿ ಎದ್ದು ಹೋಗಿ, ಮರುದಿನ ಪಕ್ಕದ ಊರಿನ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ತೀರಿಕೊಂಡಿದ್ದ. ಅವನು ಏಳನೇ ಮನೆಯ ಕಟ್ಟೆಯ ಮೇಲೆ ಕೂತು ಕೊಡೆ ಹೊಲಿಯುವುದನ್ನು ಬೇರೆಯವರು ಕಂಡಿದ್ದರು. ಅವಳು ಕಂಡಿರಲಿಲ್ಲ. ಅವಳ ಹಲ್ಲೂ ಗಟ್ಟಿ. ಕಳೆದ ಬೇಸಿಗೆಯಲ್ಲಿ ಕೊನೆಗೂ ಒಂದು ದವಡೆ ಹಲ್ಲಿಗೆ ಹುಳುಕು ಬಿದ್ದಾಗ, ಊರಿಗೆಲ್ಲ ಸಕ್ಕರೆ ಹಂಚುವುದೊಂದು ಬಾಕಿ.

"ಸಣ್ಣಾಕಿ ಇದ್ದಾಗಿಂದ ಬೇವಿನ ಕಡ್ಡಿ ತಿಕ್ಕಿ ತಿಕ್ಕಿ ನನ್ನ ಬಾಳೇವು ನಾನ ಹಾಳ್ ಮಾಡ್ಕೊಂಡೆ ನೋಡ್ರಿ ಗುರುಪಾದಣ್ಣ" ಎಂದು ನನ್ನ ಹತ್ತಿರ ಹೇಳಿಕೊಂಡಳು. "ಇದೊಂದ ಹಾದಿಗೆ ಬಂದೈತಿ. ಉಳಿದವು ಇನ್ನೂ ಕಬ್ಬು ಸಿಗೀತಾವು."

"ಅವರನ್ನ ಏನು ಕೇಳ್ಬೇಕಂತ ಮಾಡೀರಿ?"

"ಕೇಳೂದೇನೈತಿ. ಊಟದಾಗಿಂದ ಎದ್ದು ಹೋಗ್ಯಾನ. ಪೂರಾ ಉಣ್ಣು ಅಂತ ಹೇಳ್ಬೇಕು. ಆಮ್ಯಾಲ ನನ್ನ ಒಂದ್ ಹೆಸರಿಟ್ಟು ಕರೀತಿದ್ದ. ಅದನ್ನ ಒಂದ ಸಲ ಕರಿ ಅನ್ಬೇಕು."

"ಏನು ಹೆಸರು?"

"ನಿಮಗ್ಯಾಕ ಅದು" ಎಂದು ಸೆರಗು ಬಾಯಿಗೆ ಹಿಡಿದಳು.

ಅವಳನ್ನು ಕುರ್ಚಿಯಲ್ಲಿ ಮಲಗಿಸಿದಾಗ ಸಾಹೇಬರು, "ಏನವಾ, ಭಾರೀ ರೇಷ್ಮಿ ಸೀರಿ. ಹಲ್ಲು ಕೀಳೂದೋ, ಲಗ್ನಾನೋ?" ಎಂದು ಕೇಳಿದರು. "ಎರಡೂ ಒಂದs ರಿ ಸಾಹೇಬ್ರ. ಎರಡರಾಗೂ ಬಾಯಿ ಮುಚ್ಗೊಂಡು ಮನಿಗೆ ಬರೂದು" ಅಂದಳು. ಮುಂಗೈಗೆ ಸೂಜಿ ಹೋಯಿತು. ಅವಳು ಒಂದು ಸಲ ಆಕಳಿಸಿದಳು. ಹುಬ್ಬಿನ ನಡುವಿನ ಗಂಟು ಸಡಿಲವಾಯಿತು. ನಾನು ಪೆನ್ನು ಹಿಡಿದೆ. "ಪಂಪು" ಅಂದಳು. "ಬಿಸಿಲ ಐತಿ, ಸುಡವಲ್ದು." ಆಮೇಲೆ, "ಹಾಂ, ಕಲ್ಲು." ಅದರ ಬೆನ್ನಿಗೇ, "ಅಯ್ಯ, ಈ ಬಾಗಲಾ ತಗದೈತಿ ಇವತ್ತ" ಅಂದಳು. ನನ್ನ ಪೆನ್ನು ನಿಂತಿತು. "ಒಬ್ಬಾಕಿ ಕುಂತಾಳ. ರೊಟ್ಟಿ ಬಡ್ಯಾಕತ್ತಾಳ. ಎಡಗೈ ಮ್ಯಾಲ ಹುಣಸೀ ಬೀಜದಂಥಾ ಕಲಿ."

ಸ್ಟೂಲಿನ ಮೇಲೆ ಕೂತವನು ಮಾತನಾಡಬಾರದು. ಇದು ನಮ್ಮ ಕೆಲಸದ ಮೊದಲ ಕಟ್ಟಳೆ. ಮಂಪರಿನಲ್ಲಿ ಇರುವವರು ಕಿವಿಗೆ ಬಿದ್ದದ್ದನ್ನು ಮಾಡಿಬಿಡುತ್ತಾರೆ. ಬಾಯಿ ತೆರೆಯಿರಿ ಎನ್ನುವ ಹಕ್ಕು ಕೂಡ ಡಾಕ್ಟರಿಗೆ ಮಾತ್ರ. ಹನ್ನೊಂದು ವರ್ಷದಲ್ಲಿ ನಾನು ಆ ಸ್ಟೂಲಿನ ಮೇಲೆ ಕೆಮ್ಮಿದ್ದೂ ಇಲ್ಲ. ಅವತ್ತು ಬಗ್ಗಿ, ಶಿವಗಂಗವ್ವನ ಕಿವಿಯ ಹತ್ತಿರ ಬಾಯಿಟ್ಟು, "ಅಲ್ಲೇ ನಿಲ್ರಿ. ಕಾಲೇಜಿನ ಮೆಟ್ಟಲ ಹಂತೇಕ ತಮ್ಮ ಅಂದದ್ದು ನಿನಗ ಕೇಳಿಸಿತ್ತೇನು ಅಂತ ಆಕೀನ್ನ ಕೇಳ್ರಿ" ಅಂದೆ.

ಅವಳು ನಿಂತಳು. ಕಾಲಿನ ಹೆಬ್ಬೆರಳು ಮಡಚಿದ್ದು ಕಾಣಿಸಿತು. ನನ್ನ ಪ್ರಶ್ನೆಯನ್ನು ಅಕ್ಷರ ಬಿಡದೆ ಕೇಳಿದಳು. ಸಾಹೇಬರು ಚಿಮಟ ಹಿಡಿದುಕೊಂಡೇ ನನ್ನ ಮುಖ ನೋಡಿದರು. ಹಲ್ಲು ಅರ್ಧ ಸಡಿಲವಾಗಿತ್ತು, ಮತ್ತೆ ಅದರ ಕಡೆಗೆ ಬಗ್ಗಿದರು. "ಹಿಟ್ಟಿನ ಕೈ ಒರಸ್ಕೊಳ್ಳಾಕತ್ತಾಳ" ಅಂದಳು ಶಿವಗಂಗವ್ವ. "ಒಳಗ ಬಾ, ರೊಟ್ಟಿ ಆರ್ತಾವು ಅಂತಾಳ. ಇಲ್ಲವಾ, ನಾ ಒಳಗ ಬರೂದಿಲ್ಲ, ನಾ ಏಳನೇ ಮನಿಗೆ ಹೋಗ್ಬೇಕು. ಆದರ ನಿಲ್ಲು ಅಂದಾರ, ನಿಂತೀನಿ." ಹಾಗೆಯೇ ನಿಂತಳು. ನಾನು ಇನ್ನೊಂದು ಮಾತು ಆಡಿ ಅವಳನ್ನು ಬಿಡಿಸಬೇಕಿತ್ತು. ಹೋಗ್ರಿ ಎಂದು ಒಂದೇ ಮಾತು ಸಾಕಿತ್ತು. ನಾನು ಉತ್ತರಕ್ಕೆ ಕಾಯುತ್ತಾ ಕೂತೆ. ಹಲ್ಲು ತಟ್ಟೆಗೆ ಬಿತ್ತು. ಶಿವಗಂಗವ್ವ ಕಣ್ಣು ತೆರೆದು, "ಇನ್ನೂ ಚಾಲೂ ಮಾಡಿಲ್ಲೇನ್ರಿ?" ಎಂದು ಕೇಳಿದಳು.

ಅವಳಿಗೆ ಓದಲು ಬರುವುದಿಲ್ಲ. ಓದು ಬಾರದವರಿಗೆ ಹಾಳೆ ಓದಿಹೇಳುವುದೂ ನಾನೇ. ಒಳಗಿನ ಕೋಣೆಯ ಮಂಚದ ಮೇಲೆ, ತುಟಿಯ ಒಂದು ಬದಿ ಜೋಲುಬಿದ್ದ ಅವಳು ಕೂತಿದ್ದಳು. ನಾನು ಹಾಳೆ ಹಿಡಿದು ಎದುರಿಗೆ ಕೂತೆ. ಏಳನೇ ಮನೆಯ ಕಟ್ಟೆ, ಕೊಡೆ, ಅಡಿವೆಪ್ಪ ಏನು ಹೇಳುತ್ತಿದ್ದಿರಬಹುದು, ಎಲ್ಲ ನನಗೆ ಗೊತ್ತಿತ್ತು. ಮೂರು ಸಾಲು ಕಟ್ಟಿ ಹೇಳಿದ್ದರೆ ಅವಳು ಜೀವಮಾನವೆಲ್ಲ ಅದನ್ನೇ ನೆನೆದುಕೊಂಡು ಇರುತ್ತಿದ್ದಳು. ಅದು ಅವಳಿಗೆ ಒಳ್ಳೆಯದೂ ಆಗುತ್ತಿತ್ತೇನೋ. ಇದನ್ನು ನಾನು ಈಗಲೂ ಯೋಚಿಸುತ್ತೇನೆ. ಆದರೆ ಹಾಳೆಯ ಮೇಲೆ ಇದ್ದದ್ದನ್ನು ಓದಿದೆ. ನಾನು ಕಿವಿಯಲ್ಲಿ ಹೇಳಿದ ಮಾತನ್ನೂ ಹಾಳೆಯಲ್ಲಿ ಬರೆದಿದ್ದೆ, ಅದನ್ನೂ ಓದಿದೆ.

ಅವಳು ಬಾಯೊಳಗಿನ ಹತ್ತಿಯನ್ನು ಒಂದು ಬದಿಗೆ ಸರಿಸಿಕೊಂಡಳು. "ಅಂದ್ರ ನಾ ನಮ್ಮನಿ ಮುಟ್ಟಲೇ ಇಲ್ಲ."

"ಇಲ್ರಿ."

"ನಿಮ್ಮ ಕೆಲಸಕ್ಕ ನಿಂತೆ."

"ಹೌದ್ರಿ. ತಪ್ಪು ನಂದ."

"ಒಂಬತ್ತ ವರ್ಷ ಕಾದಿದ್ದೆಲೋ ಒಂದ ಹಲ್ಲಿಗೆ" ಅಂದಳು. ಬಹುವಚನ ಹೋಗಿತ್ತು. ದನಿ ಏರಿರಲಿಲ್ಲ. ಮರಗಟ್ಟಿದ ತುಟಿಯಿಂದ ಜೊಲ್ಲು ಇಳಿಯಿತು. ನಾನು ಒರೆಸಲು ಬಟ್ಟೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ, ರೇಷ್ಮೆ ಸೆರಗಿನಲ್ಲೇ ಒರೆಸಿಕೊಂಡಳು. ಆಮೇಲೆ, "ಆ ಹೆಣ್ಮಗಳು ಯಾರು?" ಎಂದು ಕೇಳಿದಳು. ಹೇಳಿದೆ. ಕಾಲೇಜಿನ ಮೆಟ್ಟಿಲು, ಆ ಮಾತು, ಬಿಸಿ ಹಿಟ್ಟಿನ ಚೀಲ, ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ಅವಳು ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. "ಈಗ ಕೇಳು" ಅಂದಳು. "ನಾಳೆ ನಿನ್ನ ಹಲ್ಲು ಹೋಗ್ತದಲ್ಲ, ಯಾವತ್ತರ ಹೋಗೇ ಹೋಗ್ತದ, ಆವತ್ತ ನೀ ನಮ್ಮನಿಗೆ ಹೋಗ್ಬೇಕು. ನಿಮ್ಮ ಅಕ್ಕನ ಮನೀಗಲ್ಲ. ಆ ಸ್ಟೂಲಿನ ಮ್ಯಾಲ ನಾ ಕೂಡ್ತೀನಿ." ನಾನು ಒಪ್ಪಿದೆ. ಒಪ್ಪುವಾಗ ನನ್ನ ಹಲ್ಲು ಸದ್ಯಕ್ಕೆ ಹೋಗುವುದಿಲ್ಲ ಎಂಬ ಧೈರ್ಯವೂ ಒಳಗೆ ಇತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ.

ಶ್ರಾವಣದಲ್ಲಿ ನಾನೇ ಬಡಿದ ರೊಟ್ಟಿಯಲ್ಲಿ ಕಲ್ಲು ಸಿಕ್ಕಿತು. ಅಕ್ಕ ಜೋಳವನ್ನು ಮೂರು ಸಲ ಹಸನು ಮಾಡುತ್ತಿದ್ದಳು, ನಾನು ಒಂದೇ ಸಲ. ಕಟ್ ಎಂದು ಸದ್ದಾಗಿ ದವಡೆ ಹಲ್ಲು ಸೀಳಿತು. ಸಾಹೇಬರು ಕನ್ನಡಿ ಇಟ್ಟು ನೋಡಿ, "ಬುಡದ ತನಕ ಹೋಗೇತಿ. ಇದು ಉಳಿಯೂದಿಲ್ಲ" ಅಂದರು. "ಉಳಿಸಾಕ ಬರೂದಿಲ್ಲ ಅನ್ನೂದು ಖರೇನೇನ್ರಿ?" ಎಂದು ಮೂರು ಸಲ ಕೇಳಿದೆ. ಆಸೆಗೆ ಬಿದ್ದು ಒಳ್ಳೆಯ ಹಲ್ಲು ಕೀಳಿಸಿಕೊಂಡವನಾಗಬಾರದಲ್ಲ. "ಎಲ್ಲಾರೂ ಕೀಳ್ರಿ ಅಂತ ಅಳ್ತಾರ. ನೀ ಒಬ್ಬಾಂವ ನೋಡು, ಉಳಸ್ರಿ ಅಂತ ಅಳೂದು" ಎಂದು ಅವರು ನಕ್ಕರು. ಆಮೇಲೆ ಮೆಲ್ಲಗೆ, "ಸ್ಟೂಲಿಗೆ ಯಾರು?" ಅಂದರು. ಹೇಳಿದೆ. "ಆಕಿಗೆ ಬರಿಯಾಕ ಬರೂದಿಲ್ಲಲ್ಲೋ" ಅಂದರು. ಆಕೆ ನೆನಪಿಟ್ಟುಕೊಳ್ಳುತ್ತಾಳೆ ಅಂದೆ.

ಹಿಂದಿನ ದಿನ ನನಗೆ ನಾನೇ ಚೀಟಿ ಓದಿಕೊಂಡೆ. ಆರು ತಾಸು ಏನೂ ತಿನ್ನಬಾರದು. ಸಾವಿರ ಜನರಿಗೆ ಹೆದರಬೇಡಿರಿ ಎಂದು ಹೇಳಿದ ನಾನು ಒಂದೇ ಸಾಲನ್ನು ಮತ್ತೆ ಮತ್ತೆ ಓದಿದೆ. ಕೊನೆಯ ಸಾಲಿಗೆ ಬಂದಾಗ, ಏಳನೇ ಮನೆ, ಏಳನೇ ಮನೆ ಎಂದು ಹೇಳಿಕೊಂಡೆ. ಮಾತು ಕೊಟ್ಟಿದ್ದೆ. ಆದರೆ ಏಳನೆಯದಕ್ಕೆ ಹೋಗಲು ನಾಲ್ಕನೆಯದನ್ನು ದಾಟಬೇಕು. ಅಂದು ಬೆಳಿಗ್ಗೆ ಸ್ನಾನ ಮಾಡುವಾಗ, ಅಕ್ಕನಿಗೆ ನನ್ನ ಗುರುತು ಸಿಗಲಿ ಎಂದು ಮೀಸೆ ಬೋಳಿಸಿಕೊಳ್ಳೋಣವೇ ಅನಿಸಿತು. ಅವಳು ಹೋಗುವಾಗ ನನಗೆ ಮೀಸೆ ಇರಲಿಲ್ಲ. ಹೋಗಬಾರದ ಮನೆಗೆ ಸಿಂಗಾರವೇಕೆ ಎಂದು ಬಿಟ್ಟೆ. ಆಮೇಲೆ ಬೋಳಿಸಿಕೊಂಡೆ.

ಶಿವಗಂಗವ್ವ ಗೋಣಿ ಹೊಲಿಯುವ ಹುರಿಯ ಒಂದು ಉಂಡೆ ಹಿಡಿದು ಬಂದಿದ್ದಳು. "ನೀ ಒಂದ್ ಮಾತ ಆಡಿದ್ರ ಒಂದ್ ಗಂಟ ಹಾಕ್ತೀನಿ. ಗಂಟ ಹಾಕಿದ್ದು ನನಗ ಮರ್ತು ಹೋಗೂದಿಲ್ಲ" ಅಂದಳು. ಸ್ಟೂಲಿನ ಮೇಲೆ ಕಾಲು ಮಡಚಿ ಕೂತಳು. ನನ್ನ ಜಾಗದಲ್ಲಿ ಇನ್ನೊಬ್ಬರು ಕೂತದ್ದನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು. ಮುಂಗೈಗೆ ಚುಚ್ಚಿದ್ದು ತಿಳಿಯಿತು. ಕಣ್ಣುರೆಪ್ಪೆ ಭಾರವಾಯಿತು. ಕಾಲು ನನ್ನದಲ್ಲ ಅನಿಸಿತು. ಎಲ್ಲ ನಾನು ಹೇಳುತ್ತಿದ್ದ ಹಾಗೆಯೇ ಇದೆಯಲ್ಲ, ಸುಳ್ಳು ಹೇಳಿರಲಿಲ್ಲ ಎಂದು ಒಂದು ಸಮಾಧಾನವಾಯಿತು. ಅಷ್ಟೇ. ಆಮೇಲೆ ಬಾಯಲ್ಲಿ ಉಪ್ಪು ರುಚಿ, ಕಿಟಕಿಯ ಬೆಳಕು ಒಂದು ಗೇಣು ಸರಿದಿತ್ತು. "ಇನ್ನೂ ಚಾಲೂ ಮಾಡಿಲ್ಲೇನ್ರಿ?" ಎಂದು ಕೇಳಿದೆನಂತೆ.

ಒಳಗಿನ ಕೋಣೆಯ ಮಂಚದ ಮೇಲೆ ಈಗ ನಾನು ಕೂತಿದ್ದೆ. ಶಿವಗಂಗವ್ವ ಎದುರಿಗೆ ಕೂತು ಹುರಿಯನ್ನು ಬೆರಳಲ್ಲಿ ಜಪಮಣಿಯ ಹಾಗೆ ಸರಿಸುತ್ತಾ ಹೇಳಿದಳು. ಕಣ್ಣು ಅತ್ತದ್ದು ಗೊತ್ತಾಗುತ್ತಿತ್ತು.

"ಇದು ಪಂಪು. ಇದು ಕಲ್ಲು, ಎಡವಿದಿ. ನಾಲ್ಕನೇ ಬಾಗಲಕ್ಕ ಬಂದಾಗ ನಿನ್ನ ಉಸರ ಜೋರಾತು. ನಾ ಕಿವ್ಯಾಗ ಏನೂ ಅನ್ಲಿಲ್ಲ ನೋಡು. ನಿನ್ನ ಹಂಗ ಮಾಡಾಕಿ ಅಲ್ಲ ನಾ. ನೀನs ಅಂದಿ, ಮೊದಲ ಏಳನೇ ಮನಿ, ಮೊದಲ ಏಳನೇ ಮನಿ ಅಂತ. ಎರಡ ಗಂಟ." ಹುರಿ ಸರಿಯಿತು. "ಅಡಿವೆಪ್ಪಣ್ಣ, ಶಿವಗಂಗವ್ವ ಕಳಿಸ್ಯಾಳ ಅಂದಿ. ಊಟಾ ಪೂರಾ ಮಾಡ್ಬೇಕಂತ ಅಂದಿ. ಅದs ಮನ್ಯಾಗ ಅದಾಳ ಅಂದಿ. ಇಲ್ಲ, ಈಗ ದಪ್ಪ ಆಗ್ಯಾಳ ಅಂದಿ. ಅದನ್ಯಾಕ ಹೇಳ್ಬೇಕಾಗಿತ್ತೋ ನಿನಗ?" ಅವಳು ನಗುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತಿದ್ದಳು. "ಆಮ್ಯಾಲ ನೀ ಕೇಳ್ದಿ, ಕಡ್ಡಿ ಅಂತ ಹೇಳ್ಲೀ? ಬರೇ ಕಡ್ಡಿ ಅಂದ್ರ ತಿಳೀತೈತೇನು ಆಕಿಗೆ? ಅಂದಿ."

ಕೊಡೆಯ ಕಡ್ಡಿ. ಮದುವೆಯಾದಾಗ ಅವಳು ಅಷ್ಟು ತೆಳ್ಳಗಿದ್ದಳಂತೆ. ಆ ಹೆಸರು ಗಂಡನ ಬಾಯಿ ಬಿಟ್ಟು ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಗಂಟನ್ನು ಅವಳು ಹೆಬ್ಬೆರಳಿನಿಂದ ಬಹಳ ಹೊತ್ತು ಒತ್ತಿ ಹಿಡಿದಳು. "ನಿಂದೂ ನಂದೂ ಮುಗೀತು. ಇನ್ನ ನನಗ ನಿನ್ನ ಮ್ಯಾಲ ಸಿಟ್ಟಿಲ್ಲ" ಅಂದಳು.

ತುಟಿ ಇನ್ನೂ ಮರಗಟ್ಟಿದ್ದರಿಂದ ನನಗೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಹುರಿಯಲ್ಲಿ ಇನ್ನೂ ಗಂಟುಗಳಿದ್ದವು. ಬೆರಳು ಮಾಡಿ ತೋರಿಸಿದೆ.

"ಅವು ಮೂರು" ಅಂದಳು. "ಸಾಹೇಬ್ರು ಹೊಲಿಗಿ ಹಾಕುಮುಂದ. ಹೊಳ್ಳಿ ಬರ್ತಿದ್ದಿ ಅನಸ್ತೈತಿ. ಬಾಗಲಾ ತಗದೈತಿ ಅಂತ ನೀ ಅನ್ಲಿಲ್ಲ. ಹೆಸರೂ ಹೇಳ್ಲಿಲ್ಲ. ಒಮ್ಮೆಲೆ ನಿಂತಂಗಾತು ನಿನ್ನ ಕಾಲು. ಹೂಂ ಅಂದಿ. ತಡದು ಇನ್ನೊಮ್ಮೆ ಹೂಂ ಅಂದಿ. ಮೂರನೇದು ಭಾಳ ತಡದು, ಸಣ್ಣ ಹುಡುಗ್ರು ಅಂತಾರಲ್ಲ ಗದ್ದ ಹಿಡದಾಗ, ಬಾಯಿ ತಗದs, ಹಂಗ ಅಂದಿ. ಅಷ್ಟ."

"ನಾ ಏನೂ ಕೇಳ್ಲಿಲ್ಲೇನು ಆಕಿಗೆ?"

"ಇಲ್ಲಪಾ. ನೀ ಕೇಳ್ಲಿಲ್ಲ. ನಿನ್ನನ್ನs ಕೇಳಿದಂಗಿತ್ತು."

ಸಾಹೇಬರನ್ನು ವಿಚಾರಿಸಿದೆ. ಹೊಲಿಗೆಯ ಮೇಲೆ ಗಮನ ಇತ್ತು, ಹೂಂ ಅಂದದ್ದು ಒಂದು ಸಲವೋ ಎರಡು ಸಲವೋ ಕೇಳಿದ ನೆನಪು, ನೋವಿಗೂ ಜನ ಹಾಗೆ ಅನ್ನುತ್ತಾರೆ ಅಂದರು. ಶಿವಗಂಗವ್ವ ದಯೆಯಿಂದ ಎರಡು ಗಂಟು ಹೆಚ್ಚು ಹಾಕಿರಬಹುದೇ ಎಂದೂ ಯೋಚಿಸಿದ್ದೇನೆ. ಹುರಿ ನನ್ನ ಹತ್ತಿರವೇ ಇದೆ, ಅದು ನನ್ನ ಹಾಳೆಯಲ್ಲವೇ. ಕೊನೆಯ ಮೂರು ಗಂಟುಗಳೂ ಉಳಿದವುಗಳಷ್ಟೇ ಬಿಗಿಯಾಗಿವೆ.

ಉಂಡಿಯೇನು ಎಂದು ಅವಳು ಕೇಳಿರಬಹುದು. ಹಲ್ಲು ತಿಕ್ಕಿದಿಯೇನು ಎಂದು ಕೇಳಿರಬಹುದು. ಅಂದು ಮೆಟ್ಟಿಲ ಹತ್ತಿರ ಆ ಮಾತು ಅಂದವನು ನೀನೇ ಏನು ಎಂದೂ ಕೇಳಿರಬಹುದು. ನಾನಾದರೆ ಮೂರಕ್ಕೂ ಹೂಂ ಅನ್ನುತ್ತಿದ್ದೆ. ಈಗ ಮತ್ತೆ ಸ್ಟೂಲಿನ ಮೇಲೆ ಕೂರುತ್ತಿದ್ದೇನೆ, ಬಾಯಿ ಮುಚ್ಚಿಕೊಂಡು ಬರೆಯುತ್ತೇನೆ. ನಾಲ್ಕನೇ ಬಾಗಿಲು ಅಂದಿನಿಂದ ಯಾರಿಗೂ ತೆರೆದು ಕಂಡಿಲ್ಲ, ಒಳಗೆ ಸಪ್ಪಳ ಮಾತ್ರ ಇದೆ. ನನ್ನ ಬಾಯಲ್ಲಿ ಇನ್ನು ಮೂವತ್ತೊಂದು ಹಲ್ಲುಗಳಿವೆ, ಎಲ್ಲ ಗಟ್ಟಿಯಾಗಿವೆ, ಎರಡು ಹೊತ್ತೂ ತಿಕ್ಕುತ್ತೇನೆ. ನೀಲಕ್ಕ ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಮಾತು ಅವಳಿಗೆ ಕೇಳಿಸಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ನಾನು ಯಾವುದಕ್ಕೆ ಹೂಂ ಅಂದೆನೆಂಬುದು ನನಗೆ ಗೊತ್ತಿಲ್ಲ.